ಮುಪ್ಪು ಬರಲಿ, ಮಂಕು ಬಾರದಿರಲಿ

"ವಯಸ್ಸಾಯಿತು, ಇನ್ನೇನು?" ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಮಂಡಿ ನೋವಿಗೂ ಅದೇ ಉತ್ತರ, ಮರೆವಿಗೂ ಅದೇ, ಬೇಸರಕ್ಕೂ ಅದೇ. ಆದರೆ ವಯಸ್ಸಾಗುವುದು ಬೇರೆ, ಕಾಯಿಲೆ ಬೀಳುವುದು ಬೇರೆ. ಮೊದಲನೆಯದನ್ನು ಯಾರೂ ತಡೆಯಲಾರರು. ಎರಡನೆಯದರಲ್ಲಿ ಸಾಕಷ್ಟು ಭಾಗ ನಮ್ಮ ಕೈಯಲ್ಲೇ ಇದೆ.

ಇದನ್ನು ತಿಳಿಯಲು ಕರಾವಳಿಯಿಂದ ದೂರದ ಕೋಲಾರ ಜಿಲ್ಲೆಯ ಕಡೆ ಒಮ್ಮೆ ನೋಡೋಣ. ಶ್ರೀನಿವಾಸಪುರ ತಾಲೂಕು ಮಾವಿನ ಹಣ್ಣಿಗೆ ಹೆಸರಾದದ್ದು. ಗೌನಿಪಲ್ಲಿ ಇರುವುದು ಇದೇ ತಾಲೂಕಿನಲ್ಲಿ. ಕನ್ನಡ, ತೆಲುಗು ಎರಡನ್ನೂ ಆಡುವ, ರಾಗಿ ಮುದ್ದೆ ಉಣ್ಣುವ ರೈತರ ನಾಡು ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಈ ತಾಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘ ಅಧ್ಯಯನವನ್ನು ಆರಂಭಿಸಿತು. ಅದರ ಹೆಸರು 'ಸ್ಯಾನ್ಸ್‌ಕಾಗ್'. 45 ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ, ಯಾರ ನೆನಪು ಗಟ್ಟಿಯಾಗಿ ಉಳಿಯುತ್ತದೆ, ಯಾರದು ಕುಂದುತ್ತದೆ, ಏಕೆ ಎಂದು ತಿಳಿಯುವುದೇ ಇದರ ಗುರಿ. ಮರೆಗುಳಿ ರೋಗದ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಪಾಶ್ಚಾತ್ಯ ದೇಶಗಳ ಜನರಿಂದ ತಿಳಿದದ್ದು. ನಮ್ಮ ಹಳ್ಳಿಯವರ ಊಟ, ದುಡಿಮೆ, ಓದು ಎಲ್ಲವೂ ಬೇರೆ. ಆದ್ದರಿಂದ ಈ ಅಧ್ಯಯನ ನಮಗೆಲ್ಲ ಮುಖ್ಯ.

ತಡೆಯಬಹುದಾದದ್ದು ಎಷ್ಟು?

'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. ಜಗತ್ತಿನ ಮರೆಗುಳಿ ರೋಗದ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂಬುದೇ ಆ ಲೆಕ್ಕ. ಅದಕ್ಕೆ ಅವರು 14 ಕಾರಣಗಳನ್ನು ಗುರುತಿಸಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಕುಡಿತ, ಮೈಬಗ್ಗಿಸದ ಜೀವನ, ಕಿವಿ ಮತ್ತು ಕಣ್ಣು ಮಂದವಾಗುವುದು, ಖಿನ್ನತೆ, ಒಂಟಿತನ ಇವು ಆ ಪಟ್ಟಿಯಲ್ಲಿವೆ.

ರಕ್ತದೊತ್ತಡ ಹೆಚ್ಚಾದರೆ ಮೆದುಳಿನ ಸಣ್ಣ ರಕ್ತನಾಳಗಳು ಸದ್ದಿಲ್ಲದೆ ಹಾಳಾಗುತ್ತವೆ. ಕಿವಿ ಕೇಳದಿದ್ದರೆ ಮಾತುಕತೆ ನಿಲ್ಲುತ್ತದೆ; ಮಾತುಕತೆ ನಿಂತರೆ ಮೆದುಳಿಗೆ ಕೆಲಸವಿಲ್ಲ. ಅಜ್ಜನಿಗೆ ಕಿವಿಯ ಯಂತ್ರ ಕೊಡಿಸುವುದು ದುಂದುವೆಚ್ಚವಲ್ಲ, ಅದು ನೆನಪಿನ ರಕ್ಷಣೆ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಮೊದಲು ಆರಂಭಿಸಿದ್ದು ಕೋಲಾರ ಜಿಲ್ಲೆಯಲ್ಲೇ. ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಅವರು ಬಂದಾಗ "ನನಗೇನೂ ಆಗಿಲ್ಲ" ಎಂದು ಕಳಿಸಬೇಡಿ.

ಊಟ ಮತ್ತು ನಡಿಗೆ

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಗಿಂತ ಹತ್ತಾರು ಪಟ್ಟು ಹೆಚ್ಚು. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಕಾಳು ಇವು ಬಡವರ ಊಟವೆಂದು ಕಡೆಗಣಿಸಬೇಡಿ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚ ಮಾತ್ರ. ಉಪ್ಪಿನಕಾಯಿ, ಹಪ್ಪಳ, ನಮ್ಮ ಕರಾವಳಿಯ ಒಣಮೀನು ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಇರಲಿ. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಮಾಡಬೇಕು. ಮುಪ್ಪಿನಲ್ಲಿ ಒಮ್ಮೆ ಬಿದ್ದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವ ಅಪಾಯವಿದೆ. ಕೋಲಾರದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಅಂಥ ನೋವನ್ನೂ ಮುಪ್ಪಿನ ಲೆಕ್ಕಕ್ಕೆ ಬರೆದು ಸುಮ್ಮನಿರುವವರಿದ್ದಾರೆ!

ಮನಸ್ಸಿನ ಪಾಲು

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪನ್ನು ಒಳ್ಳೆಯ ದೃಷ್ಟಿಯಿಂದ ಕಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂತು. ಇದು ಮಾಯೆಯಲ್ಲ. "ನನ್ನಿಂದ ಇನ್ನೂ ಆಗುತ್ತದೆ" ಎನ್ನುವವನು ನಡೆಯುತ್ತಾನೆ, ಮಾತ್ರೆ ನುಂಗುತ್ತಾನೆ, ವೈದ್ಯರ ಬಳಿ ಹೋಗುತ್ತಾನೆ. "ಎಲ್ಲ ಮುಗಿಯಿತು" ಎನ್ನುವವನು ಇವೆಲ್ಲವನ್ನೂ ಬಿಡುತ್ತಾನೆ.

ಕೋಲಾರದ ಮಣ್ಣಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು ನೆನೆಯೋಣ. 1891ರ ಜೂನ್ 6ರಂದು ಹುಟ್ಟಿದ ಅವರು 1986ರಲ್ಲಿ ಅದೇ ಜೂನ್ 6ರಂದು ತೀರಿಕೊಂಡರು. ಜ್ಞಾನಪೀಠ ಪ್ರಶಸ್ತಿ ಬಂದದ್ದು 1983ರಲ್ಲಿ, 92ರ ವಯಸ್ಸಿನಲ್ಲಿ. ಬೆಂಗಳೂರಿನ ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರ ರೂಢಿಯಾಗಿತ್ತು. ಕಿರಿಯ ಬರಹಗಾರರಿಗೆ ಕೈಹಿಡಿದು ದಾರಿ ಮಾಡಿಕೊಟ್ಟವರು ಅವರು. ನಡಿಗೆ, ಗೆಳೆತನ, ಬರವಣಿಗೆ, ಪರರ ಬಗ್ಗೆ ಕಾಳಜಿ ಎಲ್ಲವೂ ಆ ಬಾಳಿನಲ್ಲಿದ್ದವು.

ದಯೆಯೂ ಔಷಧಿ

ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಇಬ್ಬರು, ಕೊನೆಗೆ ಒಬ್ಬರು. ಗೌನಿಪಲ್ಲಿಯಾಗಲಿ ಕುಂದಾಪುರವಾಗಲಿ ಕಥೆ ಒಂದೇ. ಪಕ್ಕದ ಮನೆಯ ಮಗುವಿಗೆ ಮಗ್ಗಿ ಕಲಿಸುವುದು, ಕಾಯಿಲೆಯವರನ್ನು ನೋಡಿ ಬರುವುದು, ಒಂದು ಬುಟ್ಟಿ ತರಕಾರಿ ಹಂಚುವುದು ಚಿಕ್ಕ ಕೆಲಸಗಳೇ. ಆದರೆ ಅವು ನಮ್ಮನ್ನು ಹೊಸ್ತಿಲು ದಾಟಿಸುತ್ತವೆ, ನಾಳೆ ಏಳಲು ಒಂದು ಕಾರಣ ಕೊಡುತ್ತವೆ. ಯಾರಿಗಾದರೂ ಬೇಕಾದವರಾಗಿರುವುದೇ ಮುದುಕರ ದೊಡ್ಡ ಬಲ.

ಮಕ್ಕಳಿಗೂ ಒಂದು ಮಾತು. ಕನ್ನಡಕ ಇಟ್ಟ ಜಾಗ ಮರೆಯುವುದು ಸಹಜ. ದಿನವೂ ನಡೆದ ಮನೆಯ ದಾರಿ ಮರೆತರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆ ಇದೆ. ನೆರವು ಬೇಕಾದ ಹಿರಿಯರಿಗೆ 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ಹಿರಿಯರ ಜೊತೆ ದಿನಕ್ಕೆ ಹತ್ತು ನಿಮಿಷ ಕುಳಿತು ಮಾತಾಡಿ. ಅದಕ್ಕೆ ಖರ್ಚಿಲ್ಲ. ಇಂದೇ ಆರಂಭಿಸಿ.