ಗುರುವಿನ ಪತ್ರಿಕೆ, ಶಿಷ್ಯನ ಲೇಖನ

ಪ್ರಶ್ನೆ: ಸಂಶೋಧನ ಪತ್ರಿಕೆಯ ಸಂಪಾದಕರಿಗೆ ತಮ್ಮ ಶಿಷ್ಯರದೇ ಲೇಖನ ಬಂದರೆ ಅದನ್ನು ತೂಗುವವರು ಯಾರು? (ವಿಜಯವಾಡದ ಓದುಗರು)

ಉತ್ತರ: ತಮ್ಮ ಊರಿನಿಂದಲೇ ತೊಡಗೋಣ. 1926ರಲ್ಲಿ ಬೆಜವಾಡೆಯಲ್ಲಿ (ಇಂದಿನ ವಿಜಯವಾಡದಲ್ಲಿ) ಜನ್ಮತಳೆದು ತರುವಾಯ ವಿಶಾಖಪಟ್ಟಣದ ವಾಲ್ಟೇರಿಗೆ ಸಾಗಿದ ಆಂಧ್ರ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎಸ್. ಭಗವಂತಂ ಅವರು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರ ಬಳಿ ಪಳಗಿದವರು. ಸ್ಫಟಿಕರಚನೆಗೂ ರಾಮನ್ ಪರಿಣಾಮಕ್ಕೂ ಇರುವ ಸಂಬಂಧವನ್ನು ಕುರಿತು ಅವರು ವೆಂಕಟರಾಯುಡು ಅವರೊಡಗೂಡಿ ಬರೆದ ಲೇಖನವು 1939ರಲ್ಲಿ ಪ್ರಕಟವಾದುದು, ರಾಮನ್ನರೇ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿ ಅಧ್ಯಕ್ಷರಾಗಿದ್ದ ವಿಜ್ಞಾನ ಅಕಾಡೆಮಿಯ ನಡಾವಳಿ ಪತ್ರಿಕೆಯಲ್ಲಿ. ವಿಷಯ ರಾಮನ್ನರದು, ವೇದಿಕೆ ರಾಮನ್ನರದು, ಲೇಖಕರೂ ರಾಮನ್ನರ ಶಿಷ್ಯರು! ಇದರಲ್ಲಿ ನಾನು ದೋಷವನ್ನು ಕಾಣೆ. ಅದು ತೂಕವುಳ್ಳ ಲೇಖನವೇ. ಅಕಾಡೆಮಿಯ ಸದಸ್ಯರಲ್ಲದವರ ಬರಹದ ತಲೆಯ ಕೆಳಗೆ, ಅದನ್ನು ಕಳುಹಿಸಿಕೊಟ್ಟ ಸದಸ್ಯರ ಹೆಸರು ಕಂಸದೊಳಗೆ ಅಚ್ಚಾಗುತ್ತಿದ್ದ ಕಾಲವದು. ನಂಟನ್ನು ಓದುಗನೇ ಊಹಿಸಿಕೊಳ್ಳಬಹುದಾಗಿತ್ತು.

ಇಂದು ಊಹೆಗೆ ಬಿಡುವಂತಿಲ್ಲ. ಶಿಷ್ಯನದೋ ಸಹಲೇಖಕನದೋ ಹಸ್ತಪ್ರತಿ ಬಂದೊಡನೆ ಸಂಪಾದಕನು ಅದನ್ನು ಇನ್ನೊಬ್ಬ ಸಂಪಾದಕನಿಗೆ ಒಪ್ಪಿಸಿ, ಪರಿಶೀಲಕರಾರೆಂಬುದನ್ನೂ ತಿಳಿಯದೆ ದೂರ ಸರಿಯತಕ್ಕದ್ದು. ಲೇಖಕರ ವಿಭಾಗದವರೇ ಪರಿಶೀಲಕರಾಗತಕ್ಕದ್ದಲ್ಲ. ಹಣದ ನಂಟಿಗೆ ಬೇರೆಯ ಬಾಗಿಲು: ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯು 1984ರಲ್ಲಿ, ಔಷಧ ಕಂಪನಿಗಳೊಡನಿರುವ ವ್ಯವಹಾರವನ್ನು ಲೇಖಕರು ತಿಳಿಸಬೇಕೆಂದು ಕೇಳತೊಡಗಿತು, ಈಗ ಲೇಖನದ ಕೊನೆಯಲ್ಲಿ ಆ ಹೇಳಿಕೆಯಿರುವುದು ವಾಡಿಕೆ. ಆದರೂ, ಬಲ್ಲವರು ಹತ್ತೇ ಮಂದಿಯಿದ್ದು ಅವರೆಲ್ಲ ಒಬ್ಬನೇ ಗುರುವಿನ ಶಿಷ್ಯರಾಗಿರುವ ಕಿರಿದಾದ ಶಾಸ್ತ್ರಗಳಲ್ಲಿ, ನಂಟಿಲ್ಲದ ಪರಿಶೀಲಕನನ್ನು ಹುಡುಕುವ ಸಂಪಾದಕನ ಪಾಡು ಸಾವಿಲ್ಲದ ಮನೆಯ ಸಾಸಿವೆ ಬೇಡಹೊರಟ ಕಿಸಾಗೋತಮಿಯದೇ ಸರಿ.