ಗಡಿ ದಾಟಿದ ಹಳೆಯ ಕಾರು: ಅಗ್ಗದ ಬೆಲೆಯ ಹಿಂದಿನ ಲೆಕ್ಕ

ವಿಜಯಪುರ: ತಿಕೋಟಾ, ಬಬಲೇಶ್ವರ ಭಾಗದಲ್ಲಿ ಹಳೆಯ ಕಾರು ಕೊಳ್ಳಹೊರಟವರಿಗೆ ಕೆಎ-28 ಸಂಖ್ಯೆಯ ವಾಹನಗಳ ಜೊತೆಗೆ ಸೊಲ್ಲಾಪುರದ ಎಂಎಚ್-13, ಸಾಂಗಲಿಯ ಎಂಎಚ್-10 ಸಂಖ್ಯೆಯ ಕಾರುಗಳೂ ಎದುರಾಗುತ್ತವೆ. ಮಾದರಿ, ವರ್ಷ ಒಂದೇ ಆಗಿದ್ದರೂ ಗಡಿಯಾಚೆಯ ಕಾರಿನ ಬೆಲೆ ಕಡಿಮೆ ಇದ್ದರೆ ಅದಕ್ಕೆ ಮುಖ್ಯ ಕಾರಣ ತೆರಿಗೆ.

ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ ತೆರಬೇಕು. ವಾಹನದ ವಯಸ್ಸಿಗೆ ತಕ್ಕಂತೆ ಈ ತೆರಿಗೆ ಇಳಿಯುತ್ತದೆ ನಿಜ. ಆದರೆ ಅದರ ಲೆಕ್ಕ ನಡೆಯುವುದು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ನೀವು ಚೌಕಾಶಿ ಮಾಡಿ ಇಳಿಸಿದ ಬೆಲೆಯ ಮೇಲಲ್ಲ! ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ಭಾಗವನ್ನು ಮರಳಿ ಕೇಳಲು ಅವಕಾಶವಿದೆಯಾದರೂ ಅದಕ್ಕೆ ಅಲ್ಲಿನ ಕಚೇರಿಗೇ ಅಲೆಯಬೇಕು.

ಎರಡನೆಯ ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ಹೊಗೆ ಮಾನದಂಡ ಮೊದಲು ಜಾರಿಯಾದದ್ದು ದೇಶದ 13 ನಗರಗಳಲ್ಲಿ ಮಾತ್ರ. ಬೆಂಗಳೂರು, ಮುಂಬೈ, ದೆಹಲಿಗಳ ಆ ಪಟ್ಟಿಯಲ್ಲಿ ನಮ್ಮಿಂದ ಸುಮಾರು 100 ಕಿ.ಮೀ. ದೂರದ ಸೊಲ್ಲಾಪುರವೂ ಇತ್ತು. ಆಗಿನ ಬಿಜಾಪುರ ಇರಲಿಲ್ಲ. ಹೀಗಾಗಿ ಮುಂದಿನ ಕೆಲವು ವರ್ಷ ಇಲ್ಲಿ ಬಿಎಸ್-3 ಕಾರು ನೋಂದಣಿಯಾಗುತ್ತಿದ್ದಾಗ ಸೊಲ್ಲಾಪುರದಲ್ಲಿ ಬಿಎಸ್-4 ಕಡ್ಡಾಯವಾಗಿತ್ತು. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ವಯವಾಯಿತು.

ಜಿಲ್ಲೆಯೊಳಗೇ ಓಡಾಡುವವರಿಗೆ ಈ ಅಂಕಿಯಿಂದ ದೊಡ್ಡ ವ್ಯತ್ಯಾಸವಿಲ್ಲ. ದೆಹಲಿ ಭಾಗದಲ್ಲಿ ಮಾತ್ರ ಅದೇ ನಿರ್ಣಾಯಕ. ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಬಳಿಕ ಅಲ್ಲಿ ಹಳೆಯ ಕಾರುಗಳ ಬೆಲೆ ಕುಸಿಯಿತು. 2025ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಬಿಎಸ್-4 ಮತ್ತು ಅದರ ಮೇಲಿನ ವಾಹನಗಳಿಗಷ್ಟೇ ರಕ್ಷಣೆ ನೀಡಿತು.

2010ರ ಕಾರುಗಳಿಗೆ ಈಗ 15 ವರ್ಷ ತುಂಬಿದೆ. ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿಯೇ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಆರ್‌ಸಿಯಲ್ಲಿ ನೋಂದಣಿಯ ಅವಧಿ, ಸಾಲದ ನಮೂದು, ಹೊಗೆ ಮಾನದಂಡ ಈ ಮೂರನ್ನೂ ನೋಡುವುದು ಒಳಿತು. ನಿರಾಕ್ಷೇಪಣಾ ಪತ್ರವನ್ನು "ಆಮೇಲೆ ತರಿಸಿ ಕೊಡುತ್ತೇವೆ" ಎನ್ನುವವರಿಗೆ ಪೂರ್ತಿ ಹಣ ಕೊಡಬೇಡಿ.