ಬಳ್ಳಾರಿ ಜಾಲಿ: ಹೆಸರುಗಳು ಹಾಗೂ ಅರ್ಜಿದಾರರಿಗೆ ಮಾಹಿತಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಬೀಳು ಜಮೀನು, ಕೆರೆಯಂಗಳ ಹಾಗೂ ರಸ್ತೆಬದಿಗಳಲ್ಲಿ ಕಂಡುಬರುವ ಮುಳ್ಳುಗಿಡ ಬಳ್ಳಾರಿ ಜಾಲಿ. ಇದರ ಸಸ್ಯಶಾಸ್ತ್ರೀಯ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. ತೆಲುಗಿನಲ್ಲಿ ‘ಸರ್ಕಾರು ತುಮ್ಮ’, ಹಿಂದಿಯಲ್ಲಿ ‘ವಿಲಾಯತಿ ಕೀಕರ್’ ಎಂದು ಕರೆಯಲಾಗುತ್ತದೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ಮೂಲ ಅಮೆರಿಕ ಖಂಡದ ಶುಷ್ಕ ಪ್ರದೇಶ. 19ನೇ ಶತಮಾನದಲ್ಲಿ ಇದನ್ನು ಭಾರತಕ್ಕೆ ತರಲಾಯಿತು.

ಅರ್ಜಿಯಲ್ಲಿ ಕೇವಲ ‘ಜಾಲಿ’ ಎಂದು ನಮೂದಿಸಿದಲ್ಲಿ, ಅದು ಈ ಗಿಡವೋ ಅಥವಾ ದೇಶೀಯ ಕರಿಜಾಲಿಯೋ ಎಂಬುದು ಸ್ಪಷ್ಟವಾಗುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅಡಿಯಲ್ಲಿ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇರುವುದರಿಂದ, ಕಡಿಯಲು ಅನುಮತಿ ಅಗತ್ಯವೇ ಎಂಬುದು ಮರದ ಜಾತಿಯನ್ನು ಅವಲಂಬಿಸಿರುತ್ತದೆ.

ಗುರುತಿಸುವ ವಿಧಾನ:

1. ಕರಿಜಾಲಿ: ಹೂವು ಹಳದಿ ಚೆಂಡಿನಂತೆ ಗುಂಡಗಿರುತ್ತದೆ; ಕಾಯಿ ಮಣಿಸರದಂತಿರುತ್ತದೆ.
2. ಬಳ್ಳಾರಿ ಜಾಲಿ: ಹೂಗೊಂಚಲು ಉದ್ದನೆಯ ತೆನೆಯಂತಿರುತ್ತದೆ; ಮಾಗಿದ ಕಾಯಿ ಹಳದಿ ಬಣ್ಣದ್ದಾಗಿರುತ್ತದೆ.

ಆದುದರಿಂದ ಅರ್ಜಿದಾರರು ಗಿಡದ ಪೂರ್ಣ ಹೆಸರು, ಸಂಖ್ಯೆ, ಗ್ರಾಮ ಹಾಗೂ ಸರ್ವೆ ನಂಬರನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಸಂದೇಹವಿದ್ದಲ್ಲಿ, ಕಡಿಯುವ ಮುನ್ನವೇ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಲು ಕೋರಲಾಗಿದೆ. ಕೆರೆಯಂಗಳ ಹಾಗೂ ಗೋಮಾಳಗಳಲ್ಲಿರುವ ಗಿಡಗಳನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ.